ಹೊಲಿದ ಬ್ಯಾಡ್ಜ್ ಬಿಚ್ಚಬೇಕಾ, ಬೇಡವಾ? ಹಳೇ ಸ್ಕೌಟ್ ಪ್ಯಾಚ್‌ಗಳ ಬಗ್ಗೆ ಸಲಹೆ ಬೇಕು

ಹಳೇಟ್ರಂಕು:

ಎಲ್ಲರಿಗೂ ನಮಸ್ಕಾರ. ನಾನು ಪ್ಯಾಚ್ ಗೀಚ್ ಕೂಡಿಡುವವನಲ್ಲ. ನಮ್ಮ ದೊಡ್ಡಪ್ಪ ಚಿಕ್ಕಂದಿನಲ್ಲಿ ಸ್ಕೌಟ್ ಆಗಿದ್ದರು. ಹೊರದೇಶದ ಸ್ಕೌಟ್ ಹುಡುಗರಿಗೆ ಕಾಗದ ಬರೆದು, ಅಂಚೆಯಲ್ಲೇ ಪ್ಯಾಚ್ ಅದಲುಬದಲು ಮಾಡಿಕೊಳ್ಳುತ್ತಿದ್ದರಂತೆ. ಅವರ ಟ್ರಂಕು ಈಗ ನನ್ನ ಕೈಗೆ ಬಂದಿದೆ.

ಒಳಗಿರುವುದು ಇಷ್ಟು. ಅಮೆರಿಕದ ಸ್ಕೌಟ್‌ಗಳು ಹೆಗಲಿನಿಂದ ಸೊಂಟಕ್ಕೆ ಅಡ್ಡ ಹಾಕುವ ಖಾಕಿ ಸ್ಯಾಶ್ ಒಂದು, ಅದರ ಮೇಲೆ ಹೊಲಿದ 17 ದುಂಡನೆ ಮೆರಿಟ್ ಬ್ಯಾಡ್ಜ್ (ಒಂದೊಂದು ವಿದ್ಯೆ ಕಲಿತದ್ದಕ್ಕೆ ಒಂದೊಂದು ಕೊಡುತ್ತಾರಂತೆ). ಡಬ್ಬಿ ತುಂಬ ಬಿಡಿ ಪ್ಯಾಚ್. 1935 ಅಂತ ಬರೆದಿರುವ ಫೆಲ್ಟ್ (ಒತ್ತಿ ಮಾಡಿದ ಉಣ್ಣೆ ಬಟ್ಟೆ) ಪ್ಯಾಚ್ ಒಂದು. ಸ್ವಸ್ತಿಕ ಇರುವ ಸಣ್ಣ ಲೋಹದ ಬಿಲ್ಲೆ ಒಂದು (ನೋಡಿ ಸ್ವಲ್ಪ ಗಾಬರಿಯಾಯಿತು). ಆಮೇಲೆ ಹುರಿ ಸುತ್ತಿದ ಕಾಗದದ ಕಟ್ಟು, ಲಕೋಟೆ ಸಮೇತ.

ಸ್ಯಾಶ್‌ನ ಫೋಟೋ ಒಂದು ಕಡೆ ಹಾಕಿದ್ದೆ. ಅರ್ಧ ಗಂಟೆಯೊಳಗೆ ಒಬ್ಬರು ಖಾಸಗಿಯಾಗಿ ಬರೆದರು. ‘ಎರಡು ಬ್ಯಾಡ್ಜ್ ಮಾತ್ರ ಬಿಚ್ಚಿ ಕಳಿಸಿ, ಜೊತೆಗೆ ಆ ಫೆಲ್ಟ್ ಪ್ಯಾಚ್. ಉಳಿದದ್ದಕ್ಕೆ ಬೆಲೆ ಇಲ್ಲ’ ಅಂತ. ಅಷ್ಟು ಅವಸರ ಯಾಕೆ ಅಂತ ಅನುಮಾನ ಬಂತು. ಇವು ಯಾವ ಕಾಲದವು? ಬಿಚ್ಚಬಹುದಾ? ಕಾಗದಗಳನ್ನು ಬಿಸಾಕಿ ಟ್ರಂಕು ಖಾಲಿ ಮಾಡೋಣ ಅಂತಿದ್ದೇನೆ.

ಅಂಚುನೋಡಿ:

ಮೊದಲು ಒಂದು ಮಾತು: ಕಾಗದ ಬಿಸಾಕಬೇಡಿ! ಅದರ ಬಗ್ಗೆ ಬೇರೆಯವರು ಹೇಳುತ್ತಾರೆ. ನಾನು ಸ್ಯಾಶ್ ವಿಷಯಕ್ಕೆ ಬರುತ್ತೇನೆ.

ಅಮೆರಿಕದ ಮೆರಿಟ್ ಬ್ಯಾಡ್ಜ್‌ನ ಕಾಲ ಹೇಳುವುದು ಕಷ್ಟವಲ್ಲ, ಬಟ್ಟೆ ಮತ್ತು ಅಂಚು ನೋಡಿದರೆ ಸಾಕು. 1911ರಿಂದ 1933ರ ತನಕ ಚೌಕಾಕಾರದ ಬಟ್ಟೆ ತುಂಡಿನ ಮೇಲೆ ಕಸೂತಿ ಇರುತ್ತಿತ್ತು. ಹುಡುಗರು ಅದನ್ನು ದುಂಡಗೆ ಕತ್ತರಿಸಿ, ಅಂಚು ಮಡಿಸಿ ಹೊಲಿದುಕೊಳ್ಳುತ್ತಿದ್ದರು. 1934ರಿಂದ ಅಂಚನ್ನು ಮೊದಲೇ ಮಡಿಸಿ ಒತ್ತಿದ ಬ್ಯಾಡ್ಜ್ ಬಂತು, ತಿಳಿ ಕಂದು ಬಟ್ಟೆ. 1947ರಿಂದ 1960ರವರೆಗೆ ಅದೇ ರೀತಿ, ಆದರೆ ಹಸಿರು ಛಾಯೆಯ ಖಾಕಿ. 1961ರಿಂದ ಅಂಚಿಗೆ ಸುತ್ತ ದಪ್ಪ ದಾರ ಸುತ್ತಿದ್ದು. 1969ರ ಹೊತ್ತಿಗೆ ಇಡೀ ಮೈ ಕಸೂತಿ. 1972ರಿಂದ ಹಿಂದೆ ಪ್ಲಾಸ್ಟಿಕ್ ಪದರ.

ನಿಮ್ಮ ಫೋಟೋದಲ್ಲಿ ಮಡಿಸಿದ ಅಂಚು, ಖಾಕಿ ಬಟ್ಟೆ ಕಾಣುತ್ತಿದೆ. ಅಂದರೆ 1947ರಿಂದ 1960ರ ನಡುವಿನದು. ನಿಮಗೆ ಬರೆದವರು ಕೇಳಿದ್ದು ಯಾವ ಎರಡು ಬ್ಯಾಡ್ಜ್? ಹೇಳಿದರೆ ಅವಸರದ ಕಾರಣ ಹೇಳಬಲ್ಲೆ.

ಹಳೇಟ್ರಂಕು:

ಒಂದರಲ್ಲಿ ಕಾಯಿಯ ಚಿತ್ರ ಇದೆ. ಇನ್ನೊಂದರಲ್ಲಿ ಹತ್ತಿಯ ಬೋಂಡೆ.

ಅಂಚುನೋಡಿ:

ಹಾಗೆ ಹೇಳಿ! ಕಾಯಿ ಅಂದರೆ ‘ನಟ್ ಕಲ್ಚರ್’, ವಾಲ್‌ನಟ್, ಪೀಕನ್ ತರಹದ ಕಾಯಿಮರ ಬೆಳೆಸುವುದು. ಇನ್ನೊಂದು ‘ಕಾಟನ್ ಫಾರ್ಮಿಂಗ್’. 1911ರ ಮೊದಲ ಕೈಪಿಡಿಯಲ್ಲಿ 57 ಮೆರಿಟ್ ಬ್ಯಾಡ್ಜ್ ಇದ್ದವು, ಈಗ 130ಕ್ಕೂ ಜಾಸ್ತಿ. ನಡುವೆ ಎಷ್ಟೋ ಬಂದು ಹೋದವು. ಬೇಸಾಯದ ಬ್ಯಾಡ್ಜ್‌ಗಳು ಪಟ್ಟಣದ ಹುಡುಗರಿಗೆ ಸಿಗುವುದು ಕಷ್ಟ, ಹೆಚ್ಚಾಗಿ ತೋಟ ಇದ್ದವರಿಗೇ. ಹಾಗಾಗಿ ಗಳಿಸಿದವರು ಕಡಿಮೆ, ಉಳಿದಿರುವುದು ಇನ್ನೂ ಕಡಿಮೆ. ‘ಪ್ರಥಮ ಚಿಕಿತ್ಸೆ’, ‘ಈಜು’, ‘ಅಡುಗೆ’ ಬ್ಯಾಡ್ಜ್ ರಾಶಿ ರಾಶಿ ಸಿಗುತ್ತವೆ. ಉಳಿದದ್ದಕ್ಕೆ ಬೆಲೆ ಇಲ್ಲ ಅಂತ ಆ ಮಹಾಶಯರು ಹೇಳಿದ್ದು ಇದಕ್ಕೇ.

ನೇರಮಾತು:

ಎಲ್ಲರೂ ಬೇಡ ಅನ್ನುವ ಮೊದಲು ನಾನು ಇನ್ನೊಂದು ಪಕ್ಕ ಹೇಳುತ್ತೇನೆ. ಬಿಚ್ಚಿ. ಏನಾಗುತ್ತದೆ? ಬ್ಯಾಡ್ಜ್ ಹುಟ್ಟಿದ್ದೇ ಬಿಡಿಯಾಗಿ. ಸ್ಯಾಶ್ ಅಂದರೆ ಒಂದು ಪಟ್ಟಿ ಬಟ್ಟೆ, ಅಷ್ಟೇ. ಆಲ್ಬಮ್‌ಗೆ ಹಿಡಿಸುವುದಿಲ್ಲ, ಗೋಡೆಗೆ ಹಾಕಿದರೆ ಬಿಸಿಲಿಗೆ ಬಣ್ಣ ಹೋಗುತ್ತದೆ, ಟ್ರಂಕಿನಲ್ಲಿಟ್ಟರೆ ನುಸಿ ತಿನ್ನುತ್ತದೆ. ಒಬ್ಬ ಸಂಗ್ರಾಹಕ ಖಾಕಿ ಕಾಲದ ಬ್ಯಾಡ್ಜ್ ಎಲ್ಲಾ ಸೇರಿಸಬೇಕು ಅಂತ ವರ್ಷಗಟ್ಟಲೆ ಒದ್ದಾಡಿರುತ್ತಾನೆ, ಅವನಿಗೆ ಬೇಕಿರುವುದು ನಿಮ್ಮ ಹತ್ತಿರ ಇದೆ. ಅವನ ಕೈಗೆ ಹೋದರೆ ಅದು ಚೆನ್ನಾಗಿರುತ್ತದೆ. ನಿಮ್ಮ ಕೈಯಲ್ಲಿ ಏನಾಗುತ್ತದೆ ಅಂತ ನೀವೇ ಹೇಳಿದ್ದೀರಿ, ಕಾಗದ ಬಿಸಾಕಲು ಹೊರಟಿದ್ದೀರಿ!

ಮೂರೆಸಳು:

ನೇರಮಾತು ಅವರೇ, ಕೊನೆಯ ಮಾತು ಒಪ್ಪಿದೆ. ಉಳಿದದ್ದು ಒಪ್ಪಲ್ಲ.

ಬಿಡಿ ಬ್ಯಾಡ್ಜ್ ಹೇಳುವುದು ಒಂದೇ ವಿಷಯ: ‘ನಾನು ಇಂಥಾ ವರ್ಷದ ಇಂಥಾ ಬ್ಯಾಡ್ಜ್’. ಸ್ಯಾಶ್ ಒಬ್ಬ ಹುಡುಗನ ಬಗ್ಗೆ ಹೇಳುತ್ತದೆ. ಹತ್ತಿ ಮತ್ತು ಕಾಯಿಮರ ಎರಡೂ ಒಂದೇ ಸ್ಯಾಶ್‌ನಲ್ಲಿದ್ದರೆ, ಅವನು ಅಮೆರಿಕದ ದಕ್ಷಿಣದ ಹೊಲಗದ್ದೆಯ ಕಡೆಯವನು ಅಂತ ಕಣ್ಣು ಮುಚ್ಚಿ ಹೇಳಬಹುದು. ಫೋಟೋ ದೊಡ್ಡದು ಮಾಡಿ ನೋಡಿದೆ. ಎರಡನೇ ಸಾಲಿನಲ್ಲಿ ಜೇನುಸಾಕಣೆ ಇದೆ, ಪಕ್ಕದಲ್ಲಿ ಪ್ರಾಣಿಗಳಿಗೆ ಪ್ರಥಮ ಚಿಕಿತ್ಸೆ. ಇವನ್ನು ಒಟ್ಟಿಗೆ ಓದಿದರೆ ತೋಟದ ಮನೆ ಕಣ್ಣಿಗೆ ಕಟ್ಟುತ್ತದೆ. ಎರಡು ಬ್ಯಾಡ್ಜ್ ಕಿತ್ತರೆ ಉಳಿಯುವುದು ಈಜು, ಅಡುಗೆ, ಎರಡು ದುಂಡನೆ ಗುರುತು. ಬಟ್ಟೆ ಅಷ್ಟು ವರ್ಷ ಬ್ಯಾಡ್ಜ್ ಕೆಳಗೆ ಮುಚ್ಚಿಕೊಂಡಿದ್ದರಿಂದ ಅಲ್ಲಿ ಮಾತ್ರ ಬಣ್ಣ ಗಾಢವಾಗಿರುತ್ತದೆ. ಬ್ಯಾಡ್ಜ್ ಕಿತ್ತಿದ್ದಾರೆ ಅಂತ ನೋಡಿದ ಯಾರಿಗೂ ಗೊತ್ತಾಗುತ್ತದೆ.

ಇನ್ನೊಂದು. ಮೊದಲ ಸಾಲುಗಳ ಹೊಲಿಗೆ ಸಣ್ಣ ಸಣ್ಣದು, ಬಟ್ಟೆಯ ಬಣ್ಣದ ದಾರ. ಕೊನೆಯ ನಾಲ್ಕೈದು ಬ್ಯಾಡ್ಜ್‌ಗೆ ಕಪ್ಪು ದಾರ, ಉದ್ದುದ್ದ ಹೊಲಿಗೆ, ಒಂದು ಕಡೆ ಗಂಟು ಮೇಲೇ ಕಾಣುತ್ತಿದೆ. ಮೊದಲಿನವು ಮನೆಯವರು ಹಾಕಿಕೊಟ್ಟದ್ದು, ಕೊನೆಯವು ಹುಡುಗನೇ ಹೊಲಿದದ್ದು ಅಂತ ನನ್ನ ಊಹೆ. ಬಿಚ್ಚಿದರೆ ಮೊದಲು ಹೋಗುವುದು ಈ ದಾರ.

ನೇರಮಾತು:

ಚೆನ್ನಾಗಿ ಬರೆದಿದ್ದೀರಿ. ಆದರೂ ಎಲ್ಲಾ ಸ್ಯಾಶ್‌ಗೂ ಈ ಮಾತು ಹೊಂದಲ್ಲ. ಸಾವಿರಾರು ಸ್ಯಾಶ್‌ಗಳಲ್ಲಿ ಅದೇ ಈಜು, ಅದೇ ಅಡುಗೆ. ಎಲ್ಲವನ್ನೂ ಪೂಜೆ ಮಾಡುತ್ತಾ ಕೂರಲು ಆಗುತ್ತದಾ?

ಮೂರೆಸಳು:

ಆಗಲ್ಲ. ಯಾರದು ಅಂತ ಗೊತ್ತಿಲ್ಲದ, ಅರ್ಧ ನುಸಿ ತಿಂದ ಸ್ಯಾಶ್‌ನಿಂದ ನೀವು ಬ್ಯಾಡ್ಜ್ ಉಳಿಸಿಕೊಂಡರೆ ನಾನು ತಕರಾರು ಮಾಡಲ್ಲ. ಇಲ್ಲಿ ಸ್ಯಾಶ್ ಇದೆ, ಜೊತೆಗೆ ಕಾಗದದ ಕಟ್ಟು ಇದೆ. ಅವನ ಹೆಸರೂ ಸಿಗಬಹುದು. ಅದಕ್ಕೇ ಜಗಳ ಮಾಡುತ್ತಿರುವುದು.

ಅಂದಹಾಗೆ 17 ಬ್ಯಾಡ್ಜ್ ಅಂದರೆ ಆ ಹುಡುಗ ಈಗಲ್ ಸ್ಕೌಟ್ (ಅಮೆರಿಕದ ಸ್ಕೌಟ್‌ಗಳಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆ) ಆಗಿರಲಿಕ್ಕಿಲ್ಲ. ಆ ಕಾಲದಲ್ಲಿ ಅದಕ್ಕೆ 21 ಬೇಕಿತ್ತು. ಯಾರಾದರೂ ‘ಈಗಲ್ ಸ್ಕೌಟ್‌ನ ಸ್ಯಾಶ್’ ಅಂತ ಹೆಸರು ಹಚ್ಚಿ ಮಾರಲು ಬಂದರೆ ಎಣಿಸಿ ನೋಡಿ. ಈಗಲ್ ಅಂದ ತಕ್ಷಣ ಬೆಲೆ ಏರುತ್ತದೆ, ಸುಳ್ಳೂ ಏರುತ್ತದೆ.

ಅಂಚುನೋಡಿ:

ಸುಳ್ಳಿನ ಮಾತು ಬಂತಲ್ಲ, ಈಗಲ್ ಪದಕದ ನಕಲುಗಳು ಬೇಕಾದಷ್ಟಿವೆ. ಮೊದಲ ಈಗಲ್ ಸ್ಕೌಟ್ 1912ರಲ್ಲಿ ಆರ್ಥರ್ ಎಲ್ಡ್ರೆಡ್. ಆ ಮೊದಲ ಕೆಲವು ವರ್ಷದ ಪದಕ ಮಾಡಿದ್ದು ಟಿ. ಎಚ್. ಫೋಲಿ, ಆಮೇಲೆ ಡೀಜಸ್ ಅಂಡ್ ಕ್ಲಸ್ಟ್, 1920ರಿಂದ ರಾಬಿನ್ಸ್. ಫೋಲಿಯ ಪದಕ ಬಹಳ ಕಡಿಮೆ, ಅದಕ್ಕೇ ನಕಲು ಮಾಡುವವರಿಗೆ ಅದರ ಮೇಲೇ ಕಣ್ಣು. ಹದ್ದಿನ ಗರಿಗಳ ಗೆರೆ ಮೊಂಡಾಗಿದ್ದರೆ, ಲೋಹದಲ್ಲಿ ಸಣ್ಣ ಗುಳಿಗಳಿದ್ದರೆ ಅಚ್ಚೊತ್ತಿದ್ದಲ್ಲ, ಎರಕ ಹೊಯ್ದದ್ದು ಅಂತ ಅನುಮಾನ ಪಡಿ.

ನಿಮ್ಮ 1935ರ ಫೆಲ್ಟ್ ಪ್ಯಾಚ್‌ಗೂ ಇದೇ ಕಥೆ. ಅಮೆರಿಕದ ಮೊದಲ ರಾಷ್ಟ್ರೀಯ ಜಾಂಬೊರಿ (ಸ್ಕೌಟ್‌ಗಳ ದೊಡ್ಡ ಮೇಳ) 1935ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆಯಬೇಕಿತ್ತು. ಪೋಲಿಯೊ ಹಬ್ಬಿದ್ದರಿಂದ ಕೊನೇ ಗಳಿಗೆಯಲ್ಲಿ ರದ್ದು ಮಾಡಿದರು. ನಡೆದದ್ದು 1937ರಲ್ಲಿ. ಆದರೆ 1935ರ ಪ್ಯಾಚ್ ಅಷ್ಟರಲ್ಲಿ ತಯಾರಾಗಿತ್ತು! ನಡೆಯದೇ ಇದ್ದ ಜಾಂಬೊರಿಯ ಪ್ಯಾಚ್ ಅಂದರೆ ಸಂಗ್ರಾಹಕರಿಗೆ ಜೊಲ್ಲು. ಹಾಗಾಗಿ ನಕಲೂ ಬಂದಿವೆ. ಕತ್ತಲೆ ಕೋಣೆಯಲ್ಲಿ ಅತಿನೇರಳೆ ಟಾರ್ಚ್ ಬಿಟ್ಟು ನೋಡಿ. ಎರಡನೇ ಮಹಾಯುದ್ಧದ ನಂತರ ನೂಲಿಗೆ, ಬಟ್ಟೆಗೆ ಹೊಳಪು ಕೊಡುವ ರಾಸಾಯನಿಕ ಬೆರೆಸಲು ಶುರು ಮಾಡಿದರು. ಟಾರ್ಚ್ ಬೆಳಕಿಗೆ ಅದು ನೀಲಿ ಬಿಳುಪಾಗಿ ಮಿನುಗುತ್ತದೆ. 1935ರ ನೂಲು ಹಾಗೆ ಮಿನುಗಬಾರದು.

ಬಟ್ಟೆಬೀರು:

ಇದಕ್ಕೆ ಒಂದು ತಿದ್ದುಪಡಿ ಸೇರಿಸುತ್ತೇನೆ, ಇಲ್ಲದಿದ್ದರೆ ಒಳ್ಳೇ ಪ್ಯಾಚ್‌ಗಳೂ ನಕಲಿ ಅನ್ನಿಸಿಕೊಳ್ಳುತ್ತವೆ. ಬಟ್ಟೆ ಒಗೆಯುವ ಪುಡಿಯಲ್ಲೂ ಅದೇ ಹೊಳಪಿನ ರಾಸಾಯನಿಕ ಇರುತ್ತದೆ. ಅಂಗಿ ಸಮೇತ ಒಗೆದ ಹಳೇ ಬ್ಯಾಡ್ಜ್ ಕೂಡ ಮಿನುಗುತ್ತದೆ. ಮಿನುಗಿದರೆ ನಕಲಿ ಅಂತಲ್ಲ, ಮಿನುಗದಿದ್ದರೆ ಅಸಲಿ ಅಂತಲೂ ಅಲ್ಲ. ಎಲ್ಲೆಲ್ಲಿ ಮಿನುಗುತ್ತಿದೆ ನೋಡಿ. ಒಗೆದದ್ದಾದರೆ ಬಟ್ಟೆ, ದಾರ ಎಲ್ಲಾ ಒಂದೇ ಥರ ಮಂಕಾಗಿ ಮಿನುಗುತ್ತದೆ. ಒಂದೇ ಬಣ್ಣದ ದಾರ ಮಾತ್ರ ಟ್ಯೂಬ್‌ಲೈಟ್ ಹಾಗೆ ಉರಿದರೆ ಆ ದಾರ ಆಮೇಲಿನದು. ಉಣ್ಣೆಯ ಫೆಲ್ಟನ್ನು ಸಾಮಾನ್ಯವಾಗಿ ಯಾರೂ ಒಗೆಯಲ್ಲ, ಒಗೆದರೆ ಮುದುಡಿಕೊಳ್ಳುತ್ತದೆ. ಫೆಲ್ಟ್ ಮಿನುಗಿದರೆ ನಾನು ದೂರ ಇಡುತ್ತೇನೆ.

ಅಂಚಿನ ಬಗ್ಗೆ ಒಂದು ಮಾತು. ಪ್ಯಾಚ್ ಸುತ್ತ ಹಗ್ಗದಂತೆ ಉಬ್ಬಿದ ಅಂಚು ಇರುತ್ತದಲ್ಲ, ಅದು ಮೆರೋ ಯಂತ್ರದ ಹೊಲಿಗೆ. ಸ್ಕೌಟ್ ಪ್ಯಾಚ್‌ಗಳಲ್ಲಿ ಅದು ಎಲ್ಲೆಡೆ ಕಾಣುವುದು 1960ರ ದಶಕದಿಂದೀಚೆಗೆ. ಅದಕ್ಕಿಂತ ಹಿಂದಿನವು ಹೆಚ್ಚಾಗಿ ಕಸೂತಿ ಮಾಡಿ ಸುತ್ತ ಕತ್ತರಿಸಿದವು, ಅಂಚು ಚಪ್ಪಟೆ. 1940ರ ದಶಕದ್ದು ಅಂತ ಹೇಳಿ ಯಾರಾದರೂ ಉಬ್ಬಂಚಿನ ಪ್ಯಾಚ್ ತೋರಿಸಿದರೆ ಎರಡು ಸಲ ಯೋಚಿಸಿ.

ಹಳೇಟ್ರಂಕು:

ಟಾರ್ಚ್ ಸಿಕ್ಕಿತು, ನೋಡಿದೆ. ಸ್ಯಾಶ್ ಅಲ್ಲಲ್ಲಿ ಮಂಕಾಗಿ ಮಿನುಗುತ್ತಿದೆ. 1935ರದ್ದು ಮಿನುಗಲಿಲ್ಲ. ಹಿಂದೆ ಅಂಟಿನ ಕಲೆ ಇದೆ, ಒಂದು ಮೂಲೆಯಲ್ಲಿ ನುಸಿ ತಿಂದ ತೂತು.

ಬಟ್ಟೆಬೀರು:

ಮಿನುಗದಿರುವುದು ಒಳ್ಳೇದೇ, ಆದರೆ ಅಲ್ಲಿಗೇ ಖುಷಿಪಡಬೇಡಿ. ತೂತು ಕೂಡ ಸಾಕ್ಷಿಯಲ್ಲ. ನುಸಿ ಹೊಸ ಫೆಲ್ಟನ್ನೂ ಅಷ್ಟೇ ಇಷ್ಟಪಟ್ಟು ತಿನ್ನುತ್ತದೆ. ಕಾಗದಗಳಲ್ಲಿ ಈ ಪ್ಯಾಚ್ ಬಗ್ಗೆ ಏನಾದರೂ ಇದೆಯಾ ನೋಡಿ.

ಲಕೋಟೆ:

ಕಾಗದದ ಮಾತು ಯಾವಾಗ ಬರುತ್ತದೆ ಅಂತ ಕಾಯುತ್ತಿದ್ದೆ.

ಹಳೇಟ್ರಂಕು ಅವರೇ, ನಿಮ್ಮ ಟ್ರಂಕಿನಲ್ಲಿ ನನಗೆ ಬೇಕಿರುವುದು ಆ ಕಟ್ಟೇ. ಯಾವ ಪ್ಯಾಚ್ ಯಾರಿಂದ, ಯಾವಾಗ ಬಂತು ಅಂತ ಅದರಲ್ಲಿ ಇರುತ್ತದೆ. ಅಂಚೆ ಮುದ್ರೆಯ ತಾರೀಕಿಗಿಂತ ಒಳ್ಳೇ ಸಾಕ್ಷಿ ಇಲ್ಲ. 1956ರಲ್ಲಿ ಬಂದ ಲಕೋಟೆಯಲ್ಲಿದ್ದ ಪ್ಯಾಚನ್ನು ಆಮೇಲೆ ಮಾಡಿದ ನಕಲು ಅನ್ನಲು ಆಗಲ್ಲವಲ್ಲ! ಕಾಗದವನ್ನು ಅದರದೇ ಲಕೋಟೆಯಲ್ಲಿಡಿ. ಸ್ಟಾಂಪ್ ಕಿತ್ತು ಬೇರೆ ಮಾಡಬೇಡಿ. ದಯವಿಟ್ಟು.

ಸ್ಕೌಟ್ ಮತ್ತು ಅಂಚೆಯ ನಂಟು ಸ್ಕೌಟಿಂಗ್‌ಗಿಂತಲೂ ಹಳೇದು. ದಕ್ಷಿಣ ಆಫ್ರಿಕಾದ ಮ್ಯಾಫೆಕಿಂಗ್ ಊರಿಗೆ ಬೋಯರ್‌ಗಳು (ಅಲ್ಲಿ ನೆಲೆಸಿದ್ದ ಡಚ್ ಮೂಲದವರು) 1899ರ ಅಕ್ಟೋಬರ್‌ನಿಂದ 1900ರ ಮೇ ತನಕ 217 ದಿನ ಮುತ್ತಿಗೆ ಹಾಕಿದ್ದರು. ಒಳಗೆ ಸಿಕ್ಕಿಕೊಂಡಿದ್ದ ಬ್ರಿಟಿಷ್ ದಂಡಿನ ಮುಖ್ಯಸ್ಥ ಬೇಡನ್ ಪೊವೆಲ್, ಆಮೇಲೆ ಸ್ಕೌಟಿಂಗ್ ಶುರು ಮಾಡಿದವರು. ಊರೊಳಗೆ ಕಾಗದ ತಲುಪಿಸುತ್ತಿದ್ದದ್ದು ಕೆಡೆಟ್ ಹುಡುಗರು, ಅದಕ್ಕೆ ಅಲ್ಲೇ ಸ್ಟಾಂಪ್ ಮುದ್ರಿಸಿದರು. ಒಂದರಲ್ಲಿ ಬೇಡನ್ ಪೊವೆಲ್ ತಲೆ, ಇನ್ನೊಂದರಲ್ಲಿ ಸೈಕಲ್ ಮೇಲೆ ಗುಡ್‌ಇಯರ್ ಅನ್ನುವ ಹುಡುಗ, ಕೆಡೆಟ್‌ಗಳ ಸಾರ್ಜೆಂಟ್ ಮೇಜರ್. ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಸ್ಕೌಟ್ ಶಿಬಿರ ನಡೆದದ್ದು 1907ರಲ್ಲಿ. ಅದಕ್ಕೂ ಏಳು ವರ್ಷ ಹಿಂದಿನ ಮಾತು ಇದು.

ಆಮೇಲೆ 1918ರ ನವೆಂಬರ್. ಚೆಕೊಸ್ಲೊವಾಕಿಯ ಆಗಷ್ಟೇ ಹುಟ್ಟಿತ್ತು, ಪ್ರಾಗ್‌ನಲ್ಲಿ ಅಂಚೆ ಇನ್ನೂ ಸರಿಹೋಗಿರಲಿಲ್ಲ. ಹೊಸ ಸರ್ಕಾರದ ಕಾಗದಪತ್ರ ಹಂಚಿದ್ದು ಸ್ಕೌಟ್ ಹುಡುಗರು, ಅದಕ್ಕೆ ಎರಡು ಸ್ಟಾಂಪ್ ಬಂತು, ನೀಲಿ ಮತ್ತು ಕೆಂಪು. 1933ರಲ್ಲಿ ಹಂಗೇರಿಯ ಗೊಡೊಲೊನಲ್ಲಿ ವಿಶ್ವ ಜಾಂಬೊರಿ ನಡೆದಾಗ ಅವರ ಸ್ಟಾಂಪ್ ಮೇಲೆ ಬಿಳಿ ಜಿಂಕೆ ಇತ್ತು, ಅದೇ ಜಾಂಬೊರಿಯ ಬ್ಯಾಡ್ಜ್ ಮೇಲೂ ಇತ್ತು. ಬ್ಯಾಡ್ಜ್, ಸ್ಟಾಂಪ್, ಜಾಂಬೊರಿ ಶಿಬಿರದ ಅಂಚೆ ಮುದ್ರೆ ಮೂರೂ ಒಂದೇ ಲಕೋಟೆಯಲ್ಲಿ ಸಿಕ್ಕರೆ ಊಟ ಬಿಟ್ಟು ಕೂರುವ ಜನ ಇದ್ದಾರೆ. ನಾನು ಅವರಲ್ಲೊಬ್ಬ.

ಹೊಸಪ್ಯಾಚ್:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಆ ಸ್ವಸ್ತಿಕದ ಬಿಲ್ಲೆ ಏನು? ನಾಜಿಗಳದ್ದಾ?

ಮೂರೆಸಳು:

ಅಲ್ಲ. ಮೂರೆಸಳಿನ ಸ್ಕೌಟ್ ಗುರುತು ಮೇಲೆ, ಸ್ವಸ್ತಿಕ ಹಿಂದೆ ಇದ್ದರೆ ಅದು ಬ್ರಿಟಿಷ್ ‘ಥ್ಯಾಂಕ್ಸ್ ಬ್ಯಾಡ್ಜ್’. 1911ರಿಂದ ಇತ್ತು. ಸ್ಕೌಟ್‌ಗಳಿಗೆ ಸಹಾಯ ಮಾಡಿದವರಿಗೆ ಕೃತಜ್ಞತೆಗೆ ಕೊಡುತ್ತಿದ್ದರು. ಆಗ ಯುರೋಪಿನಲ್ಲೂ ಸ್ವಸ್ತಿಕ ಅಂದರೆ ಅದೃಷ್ಟದ ಗುರುತು, ಅಷ್ಟೇ. 1922ರಲ್ಲಿ ಬಂದ ‘ಮೆಡಲ್ ಆಫ್ ಮೆರಿಟ್’ ಮೇಲೂ ಅದೇ ಇತ್ತು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಸ್ಕೌಟ್ ನಾಯಕರೇ ಬೇಡ ಅಂದರು. 1930ರ ದಶಕದ ಮಧ್ಯದಲ್ಲಿ ಪದಕದ ರೂಪ ಬದಲಾಯಿತು.

ಫೋಟೋ ಹಾಕುವಾಗ ಎರಡು ಸಾಲು ವಿವರಣೆ ಜೊತೆಗೇ ಹಾಕಿ. ಯಹೂದಿ ಸ್ನೇಹಿತರು ನೋಡುತ್ತಾರೆ, ಜರ್ಮನಿಯಲ್ಲಿರುವವರು ನೋಡುತ್ತಾರೆ. ಸುಮ್ನೆ ಬಿಲ್ಲೆ ಒಂದನ್ನೇ ಹಾಕಿದರೆ ಅವರಿಗೆ ಏನನ್ನಿಸಬೇಡ? ಇನ್ನು ಕೆಲವರು ‘ನಾಜಿ ಕಾಲದ ಅಪರೂಪದ ಬ್ಯಾಡ್ಜ್’ ಅಂತ ಸುಳ್ಳು ಹೇಳಿ ಮಾರುತ್ತಾರೆ. ಅಂಥವರ ಜೊತೆ ವ್ಯವಹಾರವೇ ಬೇಡ.

ಕಂಬಳಿಹಾಸು:

ಹಳೇ ಸರಕಿನ ಮಾತು ಜೋರಾಗಿ ನಡೆಯುತ್ತಿದೆ. ನನಗೆ ಈ ಹವ್ಯಾಸದ ಜೀವ ಇರುವುದು ಜಾಂಬೊರಿಯಲ್ಲಿ. ದಾರಿ ಪಕ್ಕ ಕಂಬಳಿ ಹಾಸಿ, ಪ್ಯಾಚ್ ಸಾಲಾಗಿ ಇಟ್ಟು, ಭಾಷೆ ಬಾರದ ಹುಡುಗನ ಜೊತೆ ಬೆರಳಲ್ಲಿ ಚೌಕಾಸಿ ಮಾಡುವುದಿದೆಯಲ್ಲ, ಅದು ಆಲ್ಬಮ್ ತಿರುವುವುದರಲ್ಲಿ ಸಿಗಲ್ಲ. ‘ಇದಕ್ಕೆ ಅದು ಕೊಡ್ತೀಯಾ?’ ಅಂತ ಕಣ್ಣಲ್ಲೇ ಕೇಳುವುದು. ಅವನು ತಲೆ ಅಲ್ಲಾಡಿಸುತ್ತಾನೆ. ನಾವು ಒಂದು ಸ್ಕಾರ್ಫ್ ಸೇರಿಸುತ್ತೇವೆ. ಅವನು ನಗುತ್ತಾನೆ, ಆಯ್ತು.

ಅಮೆರಿಕದ ಜಾಂಬೊರಿಗಳಲ್ಲಿ ಒಂದು ಒಳ್ಳೇ ನಿಯಮ ಇದೆ: ಮಕ್ಕಳು ಮಕ್ಕಳ ಜೊತೆ, ದೊಡ್ಡವರು ದೊಡ್ಡವರ ಜೊತೆ. ದೊಡ್ಡವರು ಮಕ್ಕಳ ಕಂಬಳಿ ಹತ್ತಿರ ಕೂತು ವ್ಯಾಪಾರ ಮಾಡುವ ಹಾಗಿಲ್ಲ. ಬೆಲೆ ಗೊತ್ತಿಲ್ಲದ ಮಗುವಿನಿಂದ ಅಪರೂಪದ್ದನ್ನು ಲಪಟಾಯಿಸುವುದು ಎಷ್ಟು ಸುಲಭ ಅಂತ ಎಲ್ಲರಿಗೂ ಗೊತ್ತು. ಇಂಟರ್ನೆಟ್‌ನಲ್ಲಿ ಆ ಗೆರೆ ಇಲ್ಲ. ಎದುರಿಗಿರುವವರು ಹನ್ನೆರಡು ವರ್ಷದವರೋ ಅರವತ್ತರವರೋ ಹೇಗೆ ಗೊತ್ತಾಗಬೇಕು? ಅದಕ್ಕೇ ನಾನು ಕೇಳುವುದು: ಬದಲಾಯಿಸಿಕೊಳ್ಳುವವರು ಚಿಕ್ಕವರಾದರೆ ಮನೆಯ ದೊಡ್ಡವರು ಮಾತಾಡಲಿ. ವಿಳಾಸ, ಫೋನ್ ನಂಬರ್ ಎಲ್ಲರಿಗೂ ಕಾಣುವ ಹಾಗೆ ಯಾರೂ ಹಾಕಬೇಡಿ.

ನೇರಮಾತು:

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಹಳೇಟ್ರಂಕು ಅವರಿಗೆ ‘ಉಳಿದದ್ದಕ್ಕೆ ಬೆಲೆ ಇಲ್ಲ’ ಅಂದವರು ಮಾಡಿದ್ದೂ ಅದೇ ಕೆಲಸ. ಬೇಕಾದ್ದು ಕೇಳಲಿ, ಬೆಲೆ ಹೇಳಲಿ. ಉಳಿದದ್ದನ್ನು ಕೀಳು ಮಾಡಿ ಮಾತಾಡುವ ಅಗತ್ಯ ಇರಲಿಲ್ಲ. ಬಿಚ್ಚಿ ಅಂತ ನಾನೂ ಹೇಳಿದೆ, ಆದರೆ ಆ ಬ್ಯಾಡ್ಜ್ ಯಾಕೆ ಬೇಕು ಅಂತ ಮುಚ್ಚಿಡಬೇಕಾಗಿಲ್ಲ.

ಹೊಸಪ್ಯಾಚ್:

ಹೊಸ ಪ್ಯಾಚ್‌ಗಳನ್ನು ಕೂಡಿಸುವವರು ಇಲ್ಲಿ ಯಾರೂ ಇಲ್ವಾ? ನಾನು ಅಮೆರಿಕದ ಕೌನ್ಸಿಲ್‌ಗಳ (ಒಂದೊಂದು ಪ್ರದೇಶದ ಸ್ಕೌಟ್ ಘಟಕ) ಭುಜದ ಪ್ಯಾಚ್ ಸೇರಿಸುತ್ತಿದ್ದೇನೆ, ಮುಗಿಯುವ ಲಕ್ಷಣವೇ ಇಲ್ಲ!

ಅಂಚುನೋಡಿ:

ಮುಗಿಯಲ್ಲ, ಮುಗಿಸಲು ಬಿಡುವುದೂ ಇಲ್ಲ. ಮೊದಲು ಕೌನ್ಸಿಲ್ ಹೆಸರಿನ ಕೆಂಪು ಬಿಳಿ ಪಟ್ಟಿ ಇತ್ತು, ಸಣ್ಣದು, ಚೊಕ್ಕ. 1970ರ ದಶಕದಲ್ಲಿ ಬಣ್ಣಬಣ್ಣದ ಭುಜದ ಪ್ಯಾಚ್ ಬಂತು. ಆಮೇಲೆ ಜಾಂಬೊರಿಗೆ ಬೇರೆ, ದೇಣಿಗೆ ಕೊಟ್ಟವರಿಗೆ ಬೇರೆ, ಸಿಬ್ಬಂದಿಗೆ ಬೇರೆ, ಅಂಚಿನ ಬಣ್ಣ ಬದಲಿಸಿ ಇನ್ನೊಂದು. ಸಿನಿಮಾ ಪಾತ್ರಗಳ ಸರಣಿಯನ್ನೂ ಮಾಡಿದ ಕೌನ್ಸಿಲ್‌ಗಳಿವೆ. ಹುಡುಗರು ಹಾಕಿಕೊಳ್ಳಲಿ ಅಂತ ಮಾಡಿದ್ದಕ್ಕೂ ಸಂಗ್ರಾಹಕರು ಕೊಳ್ಳಲಿ ಅಂತ ಮಾಡಿದ್ದಕ್ಕೂ ವ್ಯತ್ಯಾಸ ಇಲ್ವಾ? ನನಗೆ ಎರಡನೆಯದರ ಮೇಲೆ ಆಸೆ ಹುಟ್ಟಿದ್ದೇ ಇಲ್ಲ.

ಕೌನ್ಸಿಲ್‌ಗಳು ಒಂದರೊಳಗೊಂದು ಸೇರುತ್ತಲೇ ಇರುತ್ತವೆ, ಆಗ ಹಳೇ ಹೆಸರಿನ ಪ್ಯಾಚ್ ನಿಂತುಹೋಗುತ್ತದೆ. ಅವನ್ನು ಸೇರಿಸಿದರೆ ಒಂದು ಅರ್ಥ ಇದೆ. 2010ರಲ್ಲಿ ಶತಮಾನೋತ್ಸವಕ್ಕೆ ಅಂತ ನಾಲ್ಕು ಹಳೇ ಮೆರಿಟ್ ಬ್ಯಾಡ್ಜ್ ಆ ಒಂದು ವರ್ಷಕ್ಕೆ ಮಾತ್ರ ವಾಪಸ್ ಬಂದವು: ಮರಗೆಲಸ, ದಾರಿ ಹುಡುಕುವುದು, ಸಂಕೇತ ಕಳಿಸುವುದು, ಹೆಜ್ಜೆ ಜಾಡು ಹಿಡಿಯುವುದು. ಅವೂ ಹೊಸವೇ. ಆದರೆ ಹುಡುಗರು ಕೆಲಸ ಮಾಡಿ ಗಳಿಸಿದ್ದು.

ಕಂಬಳಿಹಾಸು:

2023ರ ಕೊರಿಯ ಜಾಂಬೊರಿಯ ಪ್ಯಾಚ್‌ಗಳನ್ನೂ ಬಿಡಬೇಡಿ. ಸೇಮಾಂಗಮ್‌ನಲ್ಲಿ 40,000ಕ್ಕೂ ಜಾಸ್ತಿ ಜನ ಸೇರಿದ್ದರು. ಮೊದಲು ಬಿಸಿಲಿಗೆ ತತ್ತರಿಸಿದರು, ಆಮೇಲೆ ಚಂಡಮಾರುತ ಬರುತ್ತಿದೆ ಅಂತ ಶಿಬಿರವನ್ನೇ ಖಾಲಿ ಮಾಡಿಸಿದರು. ಬಸ್ಸುಗಳಲ್ಲಿ ಹೊರಟ ಮಕ್ಕಳು ತಂಗಿದ್ದ ಕಡೆಯಲ್ಲೇ ಪ್ಯಾಚ್ ಬದಲಾಯಿಸಿಕೊಂಡರು. ಇವತ್ತು ಅವು ಅಗ್ಗ. ಮುಂದೆ ಜನ ಹುಡುಕುತ್ತಾರೆ ಅಂತ ನನ್ನ ಲೆಕ್ಕ.

ಹಳೇಟ್ರಂಕು:

ಕಾಗದದ ಕಟ್ಟು ಬಿಚ್ಚಿ ಓದಿದೆ. ಹೆಚ್ಚಿನವು ಒಬ್ಬನೇ ಹುಡುಗ ಬರೆದವು, ಅಮೆರಿಕದವನು. 1956ರ ಒಂದು ಕಾಗದದಲ್ಲಿ ಅವನ ಸ್ಕೌಟ್ ವಯಸ್ಸು ಮುಗಿಯಿತಂತೆ, ಸೈನ್ಯ ಸೇರುತ್ತಾನಂತೆ, ಮನೆಯಲ್ಲಿ ಜಾಗ ಇಲ್ಲವಂತೆ. ‘ನನ್ನ ಸ್ಯಾಶ್ ಕಳಿಸುತ್ತಿದ್ದೇನೆ, ನೀನು ಜೋಪಾನ ಮಾಡುತ್ತೀಯ ಅಂತ ಗೊತ್ತು’ ಅಂತ ಬರೆದಿದ್ದಾನೆ. ಪೀಕನ್ ತೋಟದ ಮಾತೂ ಇದೆ, ಮೂರೆಸಳು ಅವರು ಹೇಳಿದ್ದು ಸರಿ. ಕೆಳಗೆ ಕಳಿಸಿದ ಸಾಮಾನಿನ ಪಟ್ಟಿ. ಅದರಲ್ಲಿ 1935ರ ಫೆಲ್ಟ್ ಪ್ಯಾಚ್ ಇಲ್ಲ. ಬೇರೆ ಯಾವ ಕಾಗದದಲ್ಲೂ ಇಲ್ಲ.

ಬ್ಯಾಡ್ಜ್ ಕೇಳಿದವರಿಗೆ ಸ್ಯಾಶ್ ಬಿಚ್ಚುವುದಿಲ್ಲ ಅಂತ ತಿಳಿಸಿದ್ದೇನೆ. ಅವರು ಬೆಲೆ ಏರಿಸಿ ಮತ್ತೆ ಬರೆದಿದ್ದಾರೆ. ಉತ್ತರ ಕೊಟ್ಟಿಲ್ಲ.

ನೇರಮಾತು:

ಈ ಕಾಗದ ಇದ್ದ ಮೇಲೆ ನಾನೂ ಬಿಚ್ಚಿ ಅನ್ನಲ್ಲ. ಫೆಲ್ಟ್ ಪ್ಯಾಚ್ ಮಾತ್ರ ಅನುಮಾನದ್ದು ಅಂತಲೇ ಬರೆದಿಡಿ. ಮುಂದೆ ಯಾರಿಗಾದರೂ ಕೊಡುವಾಗ ಅದನ್ನೂ ಹೇಳಿ ಕೊಡಿ.

ಬಟ್ಟೆಬೀರು:

ಜೋಪಾನ ಹೇಗೆ ಅಂತ ಯಾರೂ ಹೇಳಲಿಲ್ಲವಲ್ಲ!

ಮೊದಲು ನುಸಿ. ಸ್ಯಾಶ್, ಫೆಲ್ಟ್ ಎರಡನ್ನೂ ಬೇರೆ ಬೇರೆ ಪಾಲಿಥಿನ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಬಾಯಿ ಭದ್ರ ಮಾಡಿ ಎರಡು ವಾರ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ತಕ್ಷಣ ಚೀಲ ಬಿಚ್ಚಬೇಡಿ. ಪೂರ್ತಿ ಕೋಣೆಯ ಶಾಖಕ್ಕೆ ಬರಲಿ, ಇಲ್ಲದಿದ್ದರೆ ಬಟ್ಟೆ ಮೇಲೆ ನೀರು ಕೂರುತ್ತದೆ. ಲೋಹದ ಬಿಲ್ಲೆ, ಕಾಗದ ಇದರಲ್ಲಿ ಸೇರಿಸಬೇಡಿ. ನುಸಿಗುಳಿಗೆ ಹಾಕಿದರೆ ವಾಸನೆ ಬಟ್ಟೆಗೆ ಹತ್ತಿ ಬಿಡುವುದೇ ಇಲ್ಲ.

ಸ್ಯಾಶನ್ನು ಮಡಿಸಬೇಡಿ. ಆಮ್ಲ ಇಲ್ಲದ ಕಾಗದ ಸುತ್ತಿದ ಕೊಳವೆಗೆ ಬ್ಯಾಡ್ಜ್ ಹೊರಮುಖವಾಗಿ ಸಡಿಲವಾಗಿ ಸುತ್ತಿಡಿ. ಒಗೆಯಬೇಡಿ, ಕೆಂಪು ದಾರ ಬಣ್ಣ ಬಿಡುತ್ತದೆ. ಇಸ್ತ್ರಿಯಂತೂ ಬೇಡವೇ ಬೇಡ. ಬಿಡಿ ಪ್ಯಾಚ್‌ಗೆ ಆಲ್ಬಮ್ ಹಾಳೆ ಕೊಳ್ಳುವಾಗ ಪಿವಿಸಿ ಹಾಳೆ ಬೇಡ. ಅದು ಕಾಲಕ್ರಮೇಣ ಜಿಗುಟಾಗಿ, ಪ್ಲಾಸ್ಟಿಕ್ ಪದರದ ಪ್ಯಾಚ್‌ಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಪಾಲಿಪ್ರೊಪಿಲೀನ್ ಅಂತ ಬರೆದಿರುವುದು ತಗೊಳ್ಳಿ. ಪ್ಯಾಚ್ ಹಿಂದೆ ಪೆನ್ನಿನಲ್ಲಿ ಏನೂ ಬರೆಯಬೇಡಿ, ಚೀಟಿ ಪಕ್ಕದಲ್ಲಿಡಿ.

ಹಳೇಟ್ರಂಕು:

ಎಲ್ಲರಿಗೂ ಧನ್ಯವಾದ. ಕೊನೆಯದಾಗಿ ಒಂದು. ನಮ್ಮ ಅಣ್ಣನ ಮಗಳು ಗೈಡ್ ಆಗಿದ್ದಾಳೆ. 2027ರಲ್ಲಿ ಪೋಲೆಂಡ್‌ನ ಗ್ಡಾನ್ಸ್ಕ್‌ನಲ್ಲಿ ನಡೆಯುವ ವಿಶ್ವ ಜಾಂಬೊರಿಗೆ ಹೋಗಬೇಕು ಅಂತ ಆಸೆ. ಡಬ್ಬಿಯಲ್ಲಿರುವ ಬಿಡಿ ಪ್ಯಾಚ್ ಬದಲಾಯಿಸಿಕೊಳ್ಳಲು ಕೊಡಿ ಅಂತ ಈಗಲೇ ಹಿಂದೆ ಬಿದ್ದಿದ್ದಾಳೆ. ಕೊಡಲಾ?

ಕಂಬಳಿಹಾಸು:

ಹಳೇವು ಬೇಡ. ಕಳೆದುಹೋಗುತ್ತವೆ, ಅವಳಿಗೂ ಬೇಜಾರು, ನಿಮಗೂ. ಕಂಬಳಿ ಮೇಲೆ ಮಕ್ಕಳು ಕೇಳುವುದು ‘ನಿನ್ನ ದಳದ್ದು ಕೊಡು’ ಅಂತ. ಅವಳ ದಳದ ಪ್ಯಾಚ್ ಒಂದಿಷ್ಟು ಜಾಸ್ತಿ ಮಾಡಿಸಿಕೊಂಡು ಹೋಗಲಿ, ಸ್ಕಾರ್ಫ್ ಎರಡು ಮೂರು ಹೆಚ್ಚಿಗೆ ಇಟ್ಟುಕೊಳ್ಳಲಿ. ಅಂಗಿಯ ಮೇಲೆ ಹೊಲಿದಿರುವುದನ್ನು ಮಾತ್ರ ಮೊದಲ ದಿನವೇ ಕೊಟ್ಟುಬಿಡಬೇಡ ಅಂತ ಹೇಳಿ. ಎಲ್ಲರೂ ಅದನ್ನೇ ಕೇಳುತ್ತಾರೆ.

ಮೂರೆಸಳು:

ಡಬ್ಬಿಯಲ್ಲಿ ಒಂದೇ ಥರದವು ಎರಡು ಇದ್ದರೆ ಒಂದು ಅವಳಿಗೆ ಕೊಡಿ, ಬದಲಾಯಿಸಲು ಅಲ್ಲ, ಇಟ್ಟುಕೊಳ್ಳಲು. ಯಾವುದು ಎರಡಿದೆ ಅಂತ ಪಟ್ಟಿ ಮಾಡಿ ಇಲ್ಲಿ ಹಾಕಿ, ಗುರುತಿಸಿ ಕೊಡುತ್ತೇವೆ.